ಹೊರಬಾರದ ಅನಿಲ

ಅಕ್ಕನಿಗೆ ಹಠ ಹುಟ್ಟಿನಿಂದಲೇ ಬಂದದ್ದು. ಪ್ರಯೋಗಾಲಯದಲ್ಲಿ ಅಳತೆಯ ಕೆಲಸಕ್ಕೆ ಸೇರಿ ಹದಿನೆಂಟು ವರ್ಷ. ದೊಡ್ಡವರು ಚಿಕ್ಕವರೆನ್ನದೆ ಎಲ್ಲರೂ, ಕೊನೆಗೆ ಪ್ರೊಫೆಸರೂ, ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಯಾರು ಜಪ್ಪಯ್ಯ ಅಂದರೂ ಒಂದು ಅಳತೆಯನ್ನು ಮೂರು ಸಲ ಮಾಡದೆ ಅವಳು ಬರೆದುಕೊಳ್ಳುತ್ತಿರಲಿಲ್ಲ.

ಅಲ್ಲಿ ತಯಾರಾಗುತ್ತಿದ್ದದ್ದು ಕೂದಲೆಳೆಗಿಂತ ಸಾವಿರ ಪಾಲು ಸಣ್ಣ ಕಣಗಳ ಪುಡಿ. ಅದರೊಳಗೆ ಕಾರ್ಬನ್ ಮಾನಾಕ್ಸೈಡ್. ಮುಚ್ಚಿದ ಕೋಣೆಯಲ್ಲಿ ಸದ್ದಿಲ್ಲದೆ ಜೀವ ತೆಗೆಯುತ್ತದಲ್ಲ, ಅದೇ ಹಾಳು ಅನಿಲ! ಆದರೆ ಇಷ್ಟೇ ಇಷ್ಟು, ಬೇಕಾದ ಜಾಗದಲ್ಲಿ, ನಿಧಾನವಾಗಿ ಬಿಟ್ಟರೆ ಕರುಳಿನ ಉರಿಯೂತ ತಣಿಯುತ್ತದಂತೆ. ಪುಡಿ ನುಂಗಿದರೆ ಕಣಗಳು ಕರುಳಿಗೆ ಹೋಗಿ ಅನಿಲ ಬಿಡಬೇಕು. ಬಿಡುತ್ತವೆ ಎಂದು ಮೂರು ವರ್ಷದಿಂದ ಅಕ್ಕನ ಅಳತೆಯೇ ಹೇಳುತ್ತಿತ್ತು. ಮುಂದಿನ ವಾರ ರೋಗಿಗಳ ಮೇಲೆ ಪರೀಕ್ಷೆ. ಪಟ್ಟಿಯಲ್ಲಿ ಮೊದಲನೆಯವನು ಅವಳ ಸ್ವಂತ ತಮ್ಮ. ಯಾವ ಮಾತ್ರೆಗೂ ಜಗ್ಗದ ಕರುಳಿನ ಹುಣ್ಣಿನಿಂದ ಐದು ವರ್ಷದಲ್ಲಿ ಸೊರಗಿ ಅರ್ಧವಾಗಿದ್ದ. ಅರ್ಜಿ ತುಂಬಿದವಳೂ ಅಕ್ಕನೇ.

ಎಡವಟ್ಟು ಹೊರಬಿದ್ದದ್ದು ಒಂದು ಬಿಳಿ ಉಪ್ಪಿನಿಂದ. ಅಳೆಯುವಾಗ ಪುಡಿಯನ್ನು ರಕ್ತದ ಕೆಂಪು ವಸ್ತುವಿಗೆ ಬೆರೆಸುತ್ತಿದ್ದರು. ಅನಿಲ ಅಂಟಿಕೊಂಡರೆ ಬಣ್ಣ ಬದಲಾಗುತ್ತದೆ. ನಡುವೆ ಆಮ್ಲಜನಕ ಮೂಗು ತೂರಿಸದಿರಲೆಂದು ಆ ಉಪ್ಪು ಹಾಕುವುದು. ಒಂದು ದಿನ ಉಪ್ಪಿನ ಡಬ್ಬಿ ಖಾಲಿಯಾಯಿತು. ಅಕ್ಕ ಸುಮ್ಮನೆ ಕೂರುವವಳೇ? ಪುಡಿಯನ್ನು ನೀರಲ್ಲಿ ಕದಡಿ, ಸೀಸೆಗೆ ಬಿರಡೆ ಬಿಗಿದು, ಅನಿಲ ಪತ್ತೆಹಚ್ಚುವ ಯಂತ್ರವನ್ನೇ ನೇರವಾಗಿ ಜೋಡಿಸಿದಳು. ಸೊನ್ನೆ. ಸಂಜೆಯವರೆಗೂ ಸೊನ್ನೆ. ಮರುದಿನ ಕರುಳಿನ ರಸದಂಥದ್ದರಲ್ಲಿ ಕದಡಿದಳು. ಅಲ್ಲೂ ಸೊನ್ನೆ. ಹೊಸ ಉಪ್ಪು ಬಂದಮೇಲೆ ಅದೇ ಸೀಸೆಗೆ ಒಂದು ಚಿಟಿಕೆ ಹಾಕಿದ್ದೇ ತಡ, ಅಂಕಿ ಜಿಗಿಯಿತು.

ಅಕ್ಕನಿಗೆ ಆಗ ಹೊಳೆಯಿತು. ಇಷ್ಟು ವರ್ಷ ಕಣಗಳಿಂದ ಅನಿಲವನ್ನು ಎಳೆದು ತೆಗೆಯುತ್ತಿದ್ದದ್ದು ಆ ಉಪ್ಪು! ತಮ್ಮನ ಹೊಟ್ಟೆಯೊಳಗೆ ಆ ಉಪ್ಪನ್ನು ಯಾರು ಹಾಕುತ್ತಾರೆ?

ಪ್ರೊಫೆಸರು ಕಾಗದ ನೋಡಿ ಮುಖ ಗಂಟಿಕ್ಕಿದರು. ಯಂತ್ರ ಕೆಟ್ಟಿರಬೇಕು ಎಂದರು. ಮೂರು ಯಂತ್ರದಲ್ಲಿ ನೋಡಿದ್ದೇನೆ ಎಂದಳು. ಹಳೆಯ ಅಳತೆಯ ಕೆಳಗೆ ಒಂದು ಸಹಿ ಹಾಕಿಬಿಟ್ಟರೆ ಈ ವರ್ಷವೂ ಅವಳ ನೌಕರಿ ಮುಂದುವರಿಯುತ್ತದೆ ಎಂದು ಪೂಸಿ ಹೊಡೆದರು. ಅದಕ್ಕೂ ಬಗ್ಗದಿದ್ದಾಗ ಕೊನೆಯ ಅಸ್ತ್ರ ಹೊರತೆಗೆದರು.

"ನಿಮ್ಮ ತಮ್ಮನ ಮೇಲಾದ್ರೂ ಕನಿಕರ ಬೇಡ್ವಾ ಅಕ್ಕ? ಪರೀಕ್ಷೆ ನಿಂತ್ರೆ ಮೊದಲು ಕೈ ತಪ್ಪೋದು ಅವನಿಗೇ."

ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು.

"ಅವನು ನುಂಗೋ ಪುಡೀಲಿ ಏನೂ ಹೊರಗೆ ಬರಲ್ಲ ಸಾರ್. ನಾನು ಸಹಿ ಹಾಕಲ್ಲ. ಪರೀಕ್ಷೆಗೆ ಒಪ್ಪಿಗೆ ಕೊಡೋ ಸಮಿತಿಗೆ ಈ ಅಂಕಿ ಬೆಳಿಗ್ಗೆನೇ ಕಳಿಸಿದೀನಿ."

ಕಡ್ಡಿ ಮುರಿದಂತೆ ಹೇಳಿ, ಬಿಳಿ ಕೋಟು ಕಳಚಿ ಅವರ ಮೇಜಿನ ಮೇಲೆಯೇ ಇಟ್ಟು, ಹಿಂತಿರುಗಿ ನೋಡದೆ ಹೊರಟಳು.

ಮನೆಗೆ ಬಂದಾಗ ಅವಳ ತಮ್ಮ ಅಡುಗೆಮನೆಯಲ್ಲಿ ಹೊಟ್ಟೆಗೆ ಬಿಸಿನೀರಿನ ಚೀಲ ಒತ್ತಿಕೊಂಡು ಕೂತಿದ್ದ. ಪ್ರೊಫೆಸರ ಮುಂದೆ ಗುಡುಗಿದವಳು ಇಲ್ಲಿ ಮೆಲ್ಲಗೆ ಮಾತು ತೆಗೆದಳು. ಆದರೂ ಒಂದನ್ನೂ ಮುಚ್ಚಿಡದೆ ಎಲ್ಲ ಹೇಳಿದಳು.

"ಸಹಿ ಹಾಕಿದ್ರೆ ಆರು ತಿಂಗಳಾದ್ರೂ ಆಸೆಯಿಂದ ಇರ್ತಿದ್ದೆ," ಎಂದ ತಮ್ಮ.

"ಗೊತ್ತು ಕಣೋ."

ಅವನು ಚೀಲವನ್ನು ಪಕ್ಕಕ್ಕೆ ಸರಿಸಿದ. ಪಟ್ಟಿಯಲ್ಲಿ ಇನ್ನೂ ನಲವತ್ತು ಜನರಿದ್ದರು. ಆಸ್ಪತ್ರೆಯ ಬೆಂಚಿನ ಮೇಲೆ ಅವನ ಜೊತೆ ಕಾದು ಕಾದು ಸ್ನೇಹಿತರಾದವರು.

"ನಾಳೆ ಅವರೆಲ್ಲ ಅಲ್ಲೇ ಸಿಗ್ತಾರೆ. ಬೇರೆಯವರ ಬಾಯಿಂದ ಗೊತ್ತಾಗೋದು ಬೇಡ, ನಾವೇ ಹೋಗಿ ಹೇಳೋಣ. ಅಳ್ತಾರೆ, ನಿನ್ನನ್ನ ಬಾಯಿಗೆ ಬಂದ ಹಾಗೆ ಬೈತಾರೆ. ಬರ್ತೀಯಾ?"

"ಬರ್ತೀನಿ."

"ನಾನೂ ಬೈಯೋದು ಬಾಕಿ ಇದೆ."

"ಬೈಯಿ," ಎಂದು ಅಕ್ಕ ಅವನ ಎದುರಿಗೇ ಕೂತಳು.