ಬಲಗಡೆಯ ಮೊಳೆ

ಆ ಶನಿವಾರ ಚರ್ಚು ಗುಡಿಸುವ ಸರದಿ ಹೊಲಿಗೆಯಕ್ಕನದು. ಆಸ್ಪತ್ರೆಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ ಹರಿದ ಹಾಸುಬಟ್ಟೆಗಳಿಗೆ ತೇಪೆ ಹಾಕುವುದು, ಕಿತ್ತುಹೋದ ಗುಂಡಿ ಹೊಲಿಯುವುದು ಅವಳ ಕೆಲಸ. ಅಲ್ಲಿಯೂ ಅವಳು ಹೊಲಿಗೆಯಕ್ಕನೇ, ಚರ್ಚಿನಲ್ಲಿಯೂ ಹೊಲಿಗೆಯಕ್ಕನೇ. ಹೆಸರು ಹಿಡಿದು ಕರೆಯುತ್ತಿದ್ದವನು ಗಂಡನೊಬ್ಬನೇ. ಐದು ತಿಂಗಳಿಂದ ಅವನ ನಾಲಿಗೆಗೂ ಆ ಹೆಸರು ಬರುವುದಿಲ್ಲ.

ಗಂಡ ಬಸ್ಸಿನ ಡ್ರೈವರ್. ಒಂದು ಬೆಳಿಗ್ಗೆ ಮುಖ ತೊಳೆಯುತ್ತಿದ್ದವನು ಹಾಗೆಯೇ ಕುಸಿದ. ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋದವು, ಮಾತೂ ಹೋಯಿತು. ಒಂದೇ ಒಂದು ಮಾತು ಮಾತ್ರ ಅದು ಹೇಗೋ ಉಳಿದುಕೊಂಡಿತು: "ಹೋಗೋಣ." ಊಟ ಸಾಕಾ ಎಂದರೂ ಹೋಗೋಣ, ನಿದ್ದೆ ಬಂತಾ ಎಂದರೂ ಹೋಗೋಣ. ಮೊದಮೊದಲು ಅವಳು ಅಡುಗೆಮನೆಗೆ ಹೋಗಿ ಅತ್ತಿದ್ದಳು. ಆಮೇಲೆ ಅವಳಿಗೂ ಅಭ್ಯಾಸವಾಗಿ, "ಎಲ್ಲಿಗ್ರೀ ಹೋಗೋದು, ಹಾಸಿಗೆ ಬಿಟ್ಟು?" ಎಂದು ಗದರಿಸುವಷ್ಟಾಗಿದ್ದಳು.

ಚರ್ಚಿನವರು ಕೈಬಿಟ್ಟಿರಲಿಲ್ಲ, ಅದನ್ನು ಹೇಳಲೇಬೇಕು. ಅವಳು ಕೆಲಸಕ್ಕೆ ಹೋದಾಗ ದಿನಕ್ಕೊಬ್ಬರಂತೆ ಬಂದು ಅವನ ಹತ್ತಿರ ಕೂರುತ್ತಿದ್ದರು. ಸೋಮವಾರ ನಿವೃತ್ತ ಟೀಚರಮ್ಮ, ಮಂಗಳವಾರ ಬಡಗಿ, ಹೀಗೆ ವಾರಕ್ಕೆ ಆರು ಜನ. ಆ ಪಾಳಿಯ ಪಟ್ಟಿ ಚರ್ಚಿನ ಬಾಗಿಲ ಒಳಗಡೆ, ಕೊಡೆ ಇಡುವ ಡಬ್ಬದ ಮೇಲಿನ ಗೋಡೆಯಲ್ಲಿ ಅಂಟಿಸಿತ್ತು. ಬರುವವರೆಲ್ಲ ಹೋಗುವಾಗ ಅವಳ ಭುಜ ಮುಟ್ಟಿ, "ದೇವರು ಕೊಟ್ಟ ಮಾತು ತಪ್ಪಲ್ಲಮ್ಮ, ಒದಗಿಸ್ತಾನೆ" ಎನ್ನುತ್ತಿದ್ದರು. ಒಂದು ಕಾಲದಲ್ಲಿ ಅವಳೇ ಬೇರೆಯವರಿಗೆ ಹೀಗೆ ಹೇಳಿದವಳು. ಹಾಗೆ ಹೇಳುವವರ ಕಾಲು ಎರಡೂ ನೆಟ್ಟಗಿರುತ್ತವೆ ಎಂಬುದು ಮಾತ್ರ ಈಗೀಗ ಕಣ್ಣಿಗೆ ಬೀಳುತ್ತಿತ್ತು.

ಪಾಳಿಯ ಪಟ್ಟಿಯ ಪಕ್ಕದಲ್ಲೇ ಒಂದು ಹಲಗೆ. ಎಡಗಡೆ ಸಾಲಾಗಿ ಮೊಳೆಗಳು, ಬಲಗಡೆಯೂ ಸಾಲಾಗಿ ಮೊಳೆಗಳು. ಕಷ್ಟದಲ್ಲಿರುವ ಮನೆಗೊಂದು ರಟ್ಟಿನ ಕಾರ್ಡು. ಅದು ಎಡಗಡೆ ತೂಗುತ್ತದೆ. ಕೇಳಿದ್ದು ಸಿಕ್ಕಿತು ಎಂದಾಗ ಆ ಮನೆಯವರೇ ಬಂದು ಕಾರ್ಡನ್ನು ಬಲಗಡೆಗೆ ಹಾಕಬೇಕು. ಬೇರೆಯವರು ಹಾಕುವಂತಿಲ್ಲ, ಏನಾಯಿತು ಹೇಗಾಯಿತು ಎಂದು ಕೆದಕುವಂತೆಯೂ ಇಲ್ಲ. ಭಾನುವಾರ, ಎಲ್ಲರೂ ತಾತ ಎಂದು ಕರೆಯುವ ಸಭೆಯ ಹಿರಿಯರು ಎಡಗಡೆಯ ಹೆಸರುಗಳನ್ನು ಓದಿ ಪ್ರಾರ್ಥನೆ ಮಾಡಿಸುತ್ತಾರೆ, ಬಲಗಡೆಯದನ್ನು ಓದಿ ಸ್ತೋತ್ರ ಹೇಳಿಸುತ್ತಾರೆ. ಎಷ್ಟೋ ವರ್ಷದಿಂದ ನಡೆದುಬಂದ ಕ್ರಮ ಇದು.

ಶನಿವಾರ ಹೊಲಿಗೆಯಕ್ಕ ನೆಲ ಒರೆಸಿ, ಬೆಂಚು ಒರೆಸಿ, ಕೊನೆಗೆ ಹಲಗೆಯ ಧೂಳು ತೆಗೆಯಲು ಕಾರ್ಡುಗಳನ್ನೆಲ್ಲ ಬಿಚ್ಚಿ ಮಡಿಲಿಗೆ ಹಾಕಿಕೊಂಡಳು. ಒರೆಸಿದ ಮೇಲೆ ಒಂದೊಂದಾಗಿ ತಿರುಗಿ ನೇತುಹಾಕಿದಳು. ಹಿಂದಿನ ರಾತ್ರಿ ಗಂಡನನ್ನು ಮಗ್ಗುಲು ಬದಲಿಸಲು ನಾಲ್ಕು ಸಲ ಎದ್ದಿದ್ದಳು. ನಿಂತಲ್ಲೇ ಕಣ್ಣು ಎಳೆಯುತ್ತಿತ್ತು. ಅನಾಹುತ ಆದದ್ದು ಅಲ್ಲೇ. "ಡ್ರೈವರ್ ಮನೆ, ಎದ್ದು ನಡೆಯಲಿ" ಎಂದು ಅವಳದೇ ಕೈಬರಹದ ಕಾರ್ಡು ಬಲಗಡೆಯ ಮೊಳೆಗೆ ಹೋಯಿತು. ಅವಳು ಬಕೆಟ್ಟು ಎತ್ತಿಕೊಂಡು ನೀರು ಚೆಲ್ಲಲು ಹೋದಳು.

ಭಾನುವಾರ ಪಾಳಿಗೆ ಯಾರೂ ಬರುವುದಿಲ್ಲವಾದ್ದರಿಂದ ಅವಳು ಆರಾಧನೆಗೆ ಹೋಗಲಿಲ್ಲ.

ಸೋಮವಾರ ಏಳೂವರೆ ಆಯಿತು, ಟೀಚರಮ್ಮ ಬರಲಿಲ್ಲ. ಎಂಟಕ್ಕೆ ಇವಳು ಲಾಂಡ್ರಿಯಲ್ಲಿರಬೇಕು. ಗಂಡನ ಆಸ್ಪತ್ರೆಯ ಓಡಾಟಕ್ಕೆ ಹಾಕಿದ ರಜೆ ಹೆಚ್ಚಾಯಿತೆಂದು ಹೋದ ವಾರವಷ್ಟೇ ಮೇಲ್ವಿಚಾರಕಿ ಕರೆದು, "ಇನ್ನೊಂದು ದಿನ ಬರ್ಲಿಲ್ಲ ಅಂದ್ರೆ ಈ ಕುರ್ಚಿಗೆ ಬೇರೆಯವರನ್ನ ಕೂರಿಸ್ಬೇಕಾಗತ್ತೆ ಅಕ್ಕ, ಬೇಜಾರು ಮಾಡ್ಕೋಬೇಡಿ. ನನ್ನ ಮೇಲೂ ಇದ್ದಾರೆ" ಎಂದಿದ್ದಳು. ಆ ಕುರ್ಚಿ ಹೋದರೆ ಮನೆಗೆ ಬೇರೆ ಆಧಾರವಿರಲಿಲ್ಲ. ಹೊಲಿಗೆಯಕ್ಕ ಫೋನು ಮಾಡಿದಳು.

"ಟೀಚರಮ್ಮಾ, ಹೊರಟ್ರಾ?"

"ಅಯ್ಯೋ, ನಾನೇ ಮಾಡ್ಬೇಕು ಅಂತಿದ್ದೆ ಕಣಮ್ಮಾ!" ಆ ಕಡೆಯಿಂದ ಬಸ್ಸಿನ ಸದ್ದು. "ಮಗಳ ಮನೆಗೆ ಹೊರಟಿದ್ದೀನಿ, ಇನ್ನು ನನ್ನ ಪಾಳಿ ಇಲ್ವಲ್ಲ! ನಿನ್ನೆ ತಾತ ನಿಮ್ಮ ಮನೆ ಕಾರ್ಡು ಬಲಗಡೆಯಿಂದ ಓದಿದ್ರು ನೋಡು, ಇಡೀ ಸಭೆ ಎದ್ದು ನಿಂತ್ಬಿಡ್ತು. ತಾತ ಅತ್ತೇಬಿಟ್ರು. ಆಮೇಲೆ ಅವರೇ ಪಾಳಿ ಪಟ್ಟೀನ ಗೋಡೆಯಿಂದ ಕಿತ್ತು ಜೇಬಿಗೆ ಹಾಕ್ಕೊಂಡ್ರು. ಒಂದು ಮಾತು ಮೊದಲೇ ಹೇಳೋದಲ್ವೇನೇ ಕಳ್ಳಿ! ಕೇಳ್ಬಾರ್ದು ಅಂತ ಗೊತ್ತು, ಆದ್ರೂ ಹೇಳು, ಎಷ್ಟು ಹೆಜ್ಜೆ ಹಾಕಿದ್ರು?"

ಯಾರು ಹೀಗೆ ಮಾಡಿದ್ದು ಎಂದು ಹೊಲಿಗೆಯಕ್ಕನಿಗೆ ಒಂದು ಕ್ಷಣ ಕೆಂಡದಂಥ ಕೋಪ ಬಂತು. ಮರುಕ್ಷಣ ಮಡಿಲಲ್ಲಿದ್ದ ಕಾರ್ಡುಗಳು, ಒದ್ದೆ ಬಟ್ಟೆ, ಎಳೆಯುತ್ತಿದ್ದ ಕಣ್ಣು ಎಲ್ಲ ನೆನಪಾಯಿತು.

ಹೇಳಿಬಿಡಬಹುದಿತ್ತು. ಆದರೆ ಹೋದ ತಿಂಗಳು ಇದೇ ಟೀಚರಮ್ಮ ಇದೇ ಅಡುಗೆಮನೆಯಲ್ಲಿ ನಿಂತು, "ಮೇಲೆ ಯಾರಾದ್ರೂ ಕೇಳಿಸ್ಕೋತಾ ಇದ್ದಾರೋ ಇಲ್ವೋ ಅಂತ ನಂಗೇ ಒಂದೊಂದ್ಸಲ ಅನ್ನಿಸತ್ತೆ ಕಣೇ" ಎಂದಿದ್ದಳು. ಈಗ ಆ ಧ್ವನಿ ಹುಡುಗಿಯ ಧ್ವನಿಯ ಹಾಗಿತ್ತು. ಜೊತೆಗೆ ನಾಚಿಕೆ. ಐದು ತಿಂಗಳು ಇನ್ನೊಬ್ಬರ ಕೈಯಿಂದ ತೆಗೆದುಕೊಂಡವಳು, ಅವರಿಗೆ ಬಿಡುಗಡೆಯಾದ ಮಾರನೆಯ ಬೆಳಿಗ್ಗೆಯೇ ವಾಪಸು ಬನ್ನಿ ಎನ್ನುವುದು ಹೇಗೆ?

"ಆಮೇಲೆ ಹೇಳ್ತೀನಿ ಟೀಚರಮ್ಮ. ಹುಷಾರಾಗಿ ಹೋಗಿ ಬನ್ನಿ," ಎಂದು ಫೋನು ಇಟ್ಟಳು.

ಆಮೇಲೆ ಅವಳು ಮಾಡಿದ್ದನ್ನು ಮಾಡಬಾರದಿತ್ತು. ಲಾಂಡ್ರಿಯಲ್ಲಿ ಇನ್ನು ಕೆಲಸಕ್ಕೆ ಬಾರದೆಂದು ರದ್ದು ಮಾಡಿದ ಹಾಸುಬಟ್ಟೆಯೊಂದು ಮನೆಯಲ್ಲಿತ್ತು, ನೀಲಿ ಅಂಚಿನದು, ನಡುವೆ ಅವಳೇ ಹಾಕಿದ ತೇಪೆ. ಅದನ್ನು ಉದ್ದಕ್ಕೆ ಮಡಚಿ, ಗಾಲಿಕುರ್ಚಿಯಲ್ಲಿ ಕೂತ ಗಂಡನ ಸೊಂಟಕ್ಕೆ ಸುತ್ತಿ, ಜಾರಿ ಬೀಳದ ಹಾಗೆ ಕುರ್ಚಿಗೆ ಕಟ್ಟಿದಳು. ಎಡಗೈಗೆ ಸಿಗುವ ಹಾಗೆ ನೀರಿನ ಲೋಟ ಇಟ್ಟಳು. ಅವನು ಗಂಟನ್ನು ನೋಡಿದ, ಅವಳನ್ನು ನೋಡಿದ.

"ಮಧ್ಯಾಹ್ನ ಬಂದುಬಿಡ್ತೀನ್ರೀ. ಖಂಡಿತ ಬರ್ತೀನಿ," ಎಂದಳು. ಅವನ ಮುಖ ನೋಡಲಾಗದೆ ಬಾಗಿಲೆಳೆದುಕೊಂಡು ಓಡಿದಳು.

ಲಾಂಡ್ರಿಯಲ್ಲಿ ಕೈಗೆ ಸೂಜಿ ಬಂದರೂ ಮನಸ್ಸು ಮನೆಯಲ್ಲೇ. ರೋಗಿಗಳ ಅಂಗಿಯೊಂದಕ್ಕೆ ನಾಲ್ಕು ಗುಂಡಿ ಹೊಲಿದು ನೋಡಿದರೆ, ನಾಲ್ಕೂ ಗುಂಡಿ ತೂರಿಸುವ ಕಾಜಾ ಇರುವ ಕಡೆಯೇ ಕೂತಿದ್ದವು. ಮೇಲ್ವಿಚಾರಕಿ ಅಂಗಿ ಎತ್ತಿ ಹಿಡಿದು, "ಅಕ್ಕ, ಇದನ್ನ ಹಾಕ್ಕೊಂಡೋರು ವಾಸಿಯಾದ್ರೂ ಗುಂಡಿ ಹಾಕ್ಕೊಂಡು ಆಚೆ ಬರೋಕಾಗಲ್ಲ" ಎಂದಳು. ಪಕ್ಕದ ಮೇಜಿನವರು ನಕ್ಕರು. ಹೊಲಿಗೆಯಕ್ಕನೂ ನಕ್ಕಳು, ಮತ್ತೆ ಗುಂಡಿ ಬಿಚ್ಚುತ್ತಾ ಕೂತಳು. ಬಿದ್ದರೆ? ನೀರು ಗಂಟಲಿಗೆ ಸಿಕ್ಕಿದರೆ? ಪ್ರಾರ್ಥನೆ ಮಾಡೋಣವೆಂದರೆ ಏನೆಂದು ಮಾಡುವುದು? ವಾಸಿಯಾಯಿತು ಎಂದು ನಿನ್ನೆಯಷ್ಟೇ ಇಡೀ ಸಭೆ ಕೃತಜ್ಞತೆ ಹೇಳಿ ಮುಗಿಸಿದೆ. ದೇವರ ಹತ್ತಿರವೂ ತನ್ನ ಮನೆಯ ಕಾರ್ಡು ಬಲಗಡೆಗೇ ಹೋಗಿರಬೇಕು, ಈ ಮನೆಯ ಕೆಲಸ ಮುಗಿಯಿತು ಎಂದು ಅವನೂ ಕೈತೊಳೆದುಕೊಂಡಿರಬೇಕು ಎಂದು ಅವಳಿಗೆ ಅನ್ನಿಸಿತು.

ಹನ್ನೆರಡೂವರೆಯ ಗಂಟೆ ಹೊಡೆದದ್ದೇ ತಡ, ಎದ್ದು ಓಡಿದಳು. ಒಂದೂವರೆಗೆ ವಾಪಸು ಬರಬೇಕು.

ಅವನು ಕೂರಿಸಿದಂತೆಯೇ ಕೂತಿದ್ದ. ಲೋಟ ಉರುಳಿತ್ತು, ಪ್ಯಾಂಟು ಒದ್ದೆಯಾಗಿತ್ತು. ಗಂಟು ಮಾತ್ರ ಹಾಗೆಯೇ ಇತ್ತು. ಎಡಗೈಯಿಂದ ಒಂದು ಸಲ ಎಳೆದಿದ್ದರೆ ಬಿಚ್ಚಿಕೊಳ್ಳುವ ಗಂಟು ಅದು. ಅವನು ಎಳೆದಿರಲಿಲ್ಲ. ಅವಳು ಬರುತ್ತೇನೆ ಎಂದಿದ್ದಳು, ಅವನು ಕೂತಿದ್ದ.

ಬಟ್ಟೆ ಬದಲಿಸುವಾಗ ಹೊಲಿಗೆಯಕ್ಕನಿಗೆ ಅಳು ತಡೆಯಲಾಗಲಿಲ್ಲ. ನೆಲದ ಮೇಲೆ ಕೂತು, ಅವನ ಸೊರಗಿದ ಬಲಗಾಲನ್ನು ತೊಡೆಯ ಮೇಲಿಟ್ಟುಕೊಂಡು ಅತ್ತಳು. "ನೋಡ್ಕೋತೀನಿ ಅಂದ್ಯಲ್ಲಪ್ಪ," ಎಂದು ಜೋರಾಗಿಯೇ ಅಂದಳು, ಅಂದದ್ದು ಗಂಡನಿಗಲ್ಲ. "ಕೈಬಿಡಲ್ಲ ಅಂದ್ಯಲ್ಲ. ನನ್ನ ಕೈಲಿ ಇನ್ನು ಆಗಲ್ಲ. ಕೇಳಿಸ್ತಾ? ಆಗಲ್ಲ!"

ಮೇಲಿನಿಂದ ಉತ್ತರವೇನೂ ಬರಲಿಲ್ಲ. ಉತ್ತರ ಬಂದದ್ದು ಕುರ್ಚಿಯಿಂದ.

"ಹೋಗೋಣ," ಎಂದ ಗಂಡ.

"ಎಲ್ಲಿಗ್ರೀ?" ಎಂದು ಎಂದಿನಂತೆ ರೇಗಲು ಹೋದವಳು ಅಲ್ಲಿಗೇ ನಿಂತಳು. ಮೂಗು ಒರೆಸಿಕೊಂಡಳು. "ಸರಿ, ಹೋಗೋಣ ಬನ್ನಿ," ಎಂದು ಆ ಹಾಸುಬಟ್ಟೆಯನ್ನೇ ಮಡಚಿ ಅವನ ತೊಡೆಯ ಮೇಲೆ ಹಾಕಿ, ಕುರ್ಚಿ ತಳ್ಳಿಕೊಂಡು ಹೊರಟಳು. ಬಟ್ಟೆಯ ಒದ್ದೆಯಾಗದ ಕಡೆಯೇ ಅವನ ತೊಡೆಗೆ ತಾಗುವಂತೆ ಮಡಚಲು ಮರೆಯಲಿಲ್ಲ.

ಚರ್ಚು ಲಾಂಡ್ರಿಯ ದಾರಿಯಲ್ಲೇ. ಸೋಮವಾರ ಮಧ್ಯಾಹ್ನ ಅಲ್ಲಿನ ಗೋಡೆ ಗಡಿಯಾರಕ್ಕೆ ಕೀ ಕೊಡಲು ಹಿರಿಯರು ಬರುತ್ತಾರೆ. ಜೀವಮಾನವೆಲ್ಲ ಗಡಿಯಾರ ರಿಪೇರಿ ಮಾಡಿದವರು, ಎಂಬತ್ತು ದಾಟಿದವರು, ಎಲ್ಲರಿಗೂ ಗಡಿಯಾರದ ತಾತ. ಅವರು ಸ್ಟೂಲಿನಿಂದ ಮೆಲ್ಲಗೆ ಇಳಿಯುತ್ತಿದ್ದರು. ಬಾಗಿಲ ಸದ್ದಿಗೆ ತಿರುಗಿ ನೋಡಿದರು. ನಿನ್ನೆ ಇಡೀ ಸಭೆ ಯಾರ ಕಾಲಿಗಾಗಿ ಎದ್ದು ನಿಂತಿತ್ತೋ ಅವನು ಗಾಲಿಕುರ್ಚಿಯಲ್ಲಿ ಬಂದಿದ್ದ. ತಾತನ ಮುಖ ಇಳಿದುಹೋಯಿತು.

"ತಾತ, ನಾನೇ ತಪ್ಪಾಗಿ ಹಾಕಿದ್ದು," ಎಂದಳು ಹೊಲಿಗೆಯಕ್ಕ. "ಶನಿವಾರ ಧೂಳು ಒರೆಸುವಾಗ. ನಿದ್ದೆಗಣ್ಣು. ಇವರು ನಡೆದಿಲ್ಲ. ಏನೂ ಆಗಿಲ್ಲ. ಬೆಳಿಗ್ಗೆ ಇವರನ್ನ ಕುರ್ಚಿಗೆ ಕಟ್ಟಿ ಹೋಗಿದ್ದೆ ತಾತ."

ತಾತ ಬೆಂಚಿನ ಮೇಲೆ ಕೂತರು.

"ನಂಗೂ ಅನುಮಾನ ಬಂದಿತ್ತಮ್ಮ," ಎಂದರು. "ನಿಮ್ಮ ಮನೆಗೆ ಫೋನ್ ಮಾಡಿ ಕೇಳೋಣ ಅಂತ ಎರಡು ಸಲ ಕೈಗೆತ್ತಿಕೊಂಡೆ. ಕೇಳಬಾರದು ಅನ್ನೋ ಕ್ರಮ ಇದೆಯಲ್ಲ ಅಂತ ಕೆಳಗಿಟ್ಟೆ. ಅದು ಸುಳ್ಳು. ಕೇಳಿದ್ರೆ ಇಲ್ಲ ಅಂದುಬಿಡ್ತೀಯೇನೋ ಅಂತ ಹೆದರಿಕೆ. ನಮ್ಮನೆಯವಳ ಕಾರ್ಡು ಏಳು ವರ್ಷ ಎಡಗಡೆ ಇತ್ತು. ಅವಳು ಹೋದಮೇಲೆ ಅದನ್ನ ಯಾವ ಕಡೆ ಹಾಕೋದು ಅಂತ ಗೊತ್ತಾಗದೆ ಜೇಬಲ್ಲಿ ಇಟ್ಕೊಂಡು ಓಡಾಡ್ತೀನಿ. ಇಂಥ ಕಾಯಿಲೆಯ ಒಂದಾದ್ರೂ ಕಾರ್ಡು ಬಲಕ್ಕೆ ಹೋಗೋದನ್ನ ನೋಡ್ಬೇಕು ಅಂತ ಆಸೆ ಇತ್ತು, ಅಷ್ಟೇ."

ಪ್ರತಿ ಭಾನುವಾರ ನಂಬಿಕೆಯ ಮಾತಾಡುವ ಈ ಮುದುಕರೂ ತನ್ನಷ್ಟೇ ದಣಿದಿದ್ದಾರೆ ಎಂಬುದು ಹೊಲಿಗೆಯಕ್ಕನಿಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಹಲಗೆಯ ಹತ್ತಿರ ಹೋಗಿ ಕಾರ್ಡನ್ನು ಬಿಚ್ಚಿ ಎಡಗಡೆಯ ಮೊಳೆಗೆ ಹಾಕಿದಳು. ಈ ಸಲ ಮೊಳೆಯನ್ನು ಎರಡೆರಡು ಸಲ ಮುಟ್ಟಿ ನೋಡಿದಳು.

ತಾತ ಜೇಬಿನಿಂದ ಪಾಳಿಯ ಪಟ್ಟಿ ತೆಗೆದು, ಮಡಿಕೆ ಬಿಡಿಸಿ, ಗೋಡೆಗೆ ಒತ್ತಿ ಅಂಟಿಸಿದರು. "ಎಲ್ಲರಿಗೂ ನಾನೇ ಫೋನ್ ಮಾಡಿ ಹೇಳ್ತೀನಿ. ನಾಚಿಕೆ ನನಗಿರ್ಲಿ. ಮಧ್ಯಾಹ್ನದ ಕೆಲಸ ಎಷ್ಟೊತ್ತಿಗೆ?"

"ಒಂದೂವರೆಗೆ. ಆದ್ರೆ ಇವತ್ತು ಇವರ ಹತ್ತಿರ..."

"ನಾನೇನು ಗೋಡೆಗೆ ತಗುಲಿಸಿದ ಗಡಿಯಾರಾನಾ? ಮುದುಕ, ಮಂಡಿ ನೋವು ಅಂತ ನನ್ನನ್ನ ಪಾಳಿಗೆ ಸೇರಿಸ್ಕೊಂಡೇ ಇಲ್ಲ ನೀವೆಲ್ಲ. ಹೋಗು, ಹೊತ್ತಾಯ್ತು. ಐದು ಗಂಟೆವರೆಗೂ ನಾವಿಬ್ರೂ ಇಲ್ಲೇ ಇರ್ತೀವಿ."

ಅವಳು ಗಂಡನ ಕಡೆ ನೋಡಿದಳು. "ಇರ್ತೀರಾ?"

"ಹೋಗೋಣ," ಎಂದ ಅವನು ಗಂಭೀರವಾಗಿ.

ಒಂದೂವರೆಗೆ ಎರಡು ನಿಮಿಷ ಇರುವಾಗ ಅವಳು ತನ್ನ ಕುರ್ಚಿಯಲ್ಲಿದ್ದಳು. ಆ ಮಧ್ಯಾಹ್ನ ಹೊಲಿದ ಗುಂಡಿಗಳೆಲ್ಲ ಇರಬೇಕಾದ ಕಡೆಯೇ ಕೂತವು. ನಾಳೆ ಬಡಗಿ ಬರುತ್ತಾನೆ. ಟೀಚರಮ್ಮ ಮಗಳ ಮನೆಯಿಂದಲೇ ಬೈಯಬಹುದು, ಅತ್ತರೂ ಅಳಬಹುದು. ಮುಂದಿನ ಸೋಮವಾರ ಬಂದೇ ಬರುತ್ತಾಳೆ. ಗಂಡ ಎದ್ದು ನಡೆಯುತ್ತಾನೋ ಇಲ್ಲವೋ, ಅದು ಇವರ್‍ಯಾರ ಕೈಯಲ್ಲೂ ಇರಲಿಲ್ಲ. ಆದರೆ ಐದು ತಿಂಗಳು ಕೆಲಸದ ಒಂದು ದಿನವೂ ತಪ್ಪದೆ ಯಾರೋ ಒಬ್ಬರು ಬಾಗಿಲು ತಟ್ಟಿದ್ದರು. ಒದಗಿಸುವುದು ಎಂದರೆ ಇದೇ ಇದ್ದಿರಬಹುದಲ್ಲ ಎಂದು ಮೊದಲ ಸಲ ಹೊಳೆದು, ಅವಳು ದಾರ ಪೋಣಿಸುವುದನ್ನೇ ಮರೆತಳು.

ಐದೂಕಾಲಿಗೆ ಚರ್ಚಿನ ಬಾಗಿಲು ಮೆಲ್ಲಗೆ ತಳ್ಳಿದಳು. ಕಾವಲಿಗೆ ಕೂತಿದ್ದ ತಾತ ಬೆಂಚಿಗೆ ಒರಗಿ, ಬಾಯಿ ತೆರೆದು ಗಾಢ ನಿದ್ದೆಯಲ್ಲಿದ್ದರು. ಎಚ್ಚರವಾಗಿದ್ದವನು ಗಂಡ. ಒಂದೇ ಕೈಯಿಂದ ಅದು ಹೇಗೆ ಗಾಲಿ ತಿರುಗಿಸಿಕೊಂಡು ಬೆಂಚಿನ ಹತ್ತಿರ ಹೋಗಿದ್ದನೋ. ಬೆಳಿಗ್ಗೆ ಅವನನ್ನು ಕಟ್ಟಿದ್ದ ನೀಲಿ ಅಂಚಿನ ಹಾಸುಬಟ್ಟೆ ಈಗ ತಾತನ ಮಂಡಿಗಳ ಮೇಲಿತ್ತು. ಒಂದು ತುದಿ ಜಾರಿತ್ತು. ಅವನು ಎಡಗೈ ಚಾಚಿ ಅದನ್ನು ಎಳೆದು ಸರಿಮಾಡುತ್ತಿದ್ದ.

ಅವಳನ್ನು ಕಂಡು ತಲೆಯೆತ್ತಿದ. ಹೋಗೋಣ ಎನ್ನುತ್ತಾನೆ ಎಂದುಕೊಂಡಳು ಹೊಲಿಗೆಯಕ್ಕ. ಅವನೋ, ಮುದುಕರು ಮಲಗಿದ್ದಾರೆ, ಸದ್ದು ಮಾಡಬೇಡ ಎಂಬಂತೆ ಒಳ್ಳೆಯ ಕೈಯ ಬೆರಳನ್ನು ತುಟಿಯ ಮೇಲಿಟ್ಟುಕೊಂಡ. ಅವಳೂ ಬಂದು ಪಕ್ಕದ ಬೆಂಚಿನಲ್ಲಿ ಸದ್ದಿಲ್ಲದೆ ಕೂತಳು.