ಮುಂದಿನ ಸೀಟಿನ ಕೊಂಡಿ

ಇಳಕಲ್ಲಿನಲ್ಲಿ ವೋಲ್ವೋ ಎಂದರೆ ಬಸ್ಸು. ಹೀಗಾಗಿ ಸುಮಾ ವೋಲ್ವೋ ತಂದಳಂತೆ ಎಂಬ ಸುದ್ದಿ ನೇಕಾರರ ಓಣಿಗೆ ಮುಟ್ಟಿದಾಗ, ಅಷ್ಟುದ್ದದ ಗಾಡಿಯನ್ನು ಇಷ್ಟು ಸಣ್ಣ ಓಣಿಯಲ್ಲಿ ಹೊರಳಿಸುವುದು ಹೇಗೆ ಎಂಬುದೇ ಕಟ್ಟೆಯ ಮೇಲಿನವರ ಚಿಂತೆಯಾಯಿತು. ಬಂದದ್ದು ನೋಡಿದರೆ ಬೂದು ಬಣ್ಣದ ಹಳೆಯ ಕಾರು. ಕೆಲವರಿಗೆ ನಿರಾಶೆಯಾಯಿತು, ಕೆಲವರಿಗೆ ನಗು ಬಂತು. ಸುಮಾ ಎರಡನ್ನೂ ಲೆಕ್ಕಕ್ಕಿಡಲಿಲ್ಲ. ಅವಳ ಸ್ವಭಾವವೇ ಹಾಗೆ. ತನಗೆ ಸರಿ ಕಂಡದ್ದನ್ನು ಮಾಡಿ ಮುಗಿಸಿದ ಮೇಲೆ ಊರಿನ ಅಭಿಪ್ರಾಯ ಕೇಳುವವಳು.

ಕಾರು ಹುಬ್ಬಳ್ಳಿಯ ಒಬ್ಬ ಡಾಕ್ಟರಮ್ಮನದು. ವರ್ಷಕ್ಕೆ ನಾಲ್ಕಾರು ಸೀರೆಯನ್ನಾದರೂ ಸುಮಾಳ ಅಂಗಡಿಯಲ್ಲೇ ಕೊಳ್ಳುತ್ತಿದ್ದಳು. ವಯಸ್ಸಾಗಿ ಗಾಡಿ ಓಡಿಸುವುದನ್ನು ಬಿಟ್ಟಾಗ, ಯಾರ್‍ಯಾರಿಗೋ ಕೊಡುವ ಮನಸ್ಸಾಗದೆ ಇವಳನ್ನು ಕರೆದಳು. ಕೀಲಿ ಕೊಡುವ ಮೊದಲು ಕೂಡಿಸಿಕೊಂಡು ಕಾರಿನ ಕುಲಗೋತ್ರವನ್ನೆಲ್ಲ ಹೇಳಿದಳು. ಸ್ವೀಡನ್ ಎಂಬ ಚಳಿನಾಡಿನ ಕಂಪನಿಯಂತೆ. ಹೆಗಲಿನಿಂದ ಎದೆಗೆ ಅಡ್ಡ ಇಳಿದು ಸೊಂಟಕ್ಕೆ ಬಿಗಿಯುವ ಈಗಿನ ಸೀಟ್ ಬೆಲ್ಟನ್ನು ಅಲ್ಲಿನ ಒಬ್ಬ ಎಂಜಿನಿಯರು ಮಾಡಿಕೊಟ್ಟನಂತೆ. 1959ರಲ್ಲಿ ತಮ್ಮ ಕಾರಿಗೆ ಅದನ್ನು ಹಾಕಿದವರು, ಪೇಟೆಂಟಿನ ಹಕ್ಕನ್ನು ಮುಚ್ಚಿಟ್ಟುಕೊಳ್ಳದೆ ಬೇರೆ ಕಂಪನಿಗಳಿಗೂ ಬಿಟ್ಟುಕೊಟ್ಟರಂತೆ.

ಸುಮಾಳನ್ನು ಹಿಡಿದು ನಿಲ್ಲಿಸಿದ್ದು ಈ ಕಡೆಯ ಮಾತು. ಅವಳ ಓಣಿಯಲ್ಲಿ ಹೊಸ ದಡಿಯ ಮಾದರಿಯೊಂದು ಹುಟ್ಟಿದರೆ, ಪಕ್ಕದ ಮನೆಯವರ ಕಣ್ಣಿಗೆ ಬೀಳಬಾರದೆಂದು ಮಗ್ಗಕ್ಕೆ ಚಾದರ ಹೊದಿಸುತ್ತಾರೆ. ಇವರು ನೋಡಿದರೆ ಜಗತ್ತಿಗೆಲ್ಲ ಹಂಚಿದ್ದಾರೆ. ಅದೂ ಹಂಚಿದ್ದು ಏನನ್ನು? ಹಾಸು ಹೊಕ್ಕು ಹಾಕಿ ನೇಯ್ದ ಒಂದು ಪಟ್ಟಿಯನ್ನು! ನೇಕಾರನ ಹೆಂಡತಿಗೆ ಇದಕ್ಕಿಂತ ದೊಡ್ಡ ಶಿಫಾರಸು ಬೇಕಿರಲಿಲ್ಲ. ಕಾರು ಮನೆಗೆ ಬಂತು.

ಅಂದಿನಿಂದ ಅವಳದೊಂದು ಕಾಯ್ದೆ. ಕೂತವರೆಲ್ಲರ ಪಟ್ಟಿ ಟಕ್ ಎನ್ನುವವರೆಗೆ ಕೀಲಿ ತಿರುಗದು. ಸೀರೆ ಗಂಟು ಹೇರಿಕೊಂಡು ಕೆರೂರ ಸಂತೆಗೆ ಹೋಗಲಿ, ಹುನಗುಂದದ ಕೋರ್ಟಿಗೆ ಸಾಕ್ಷಿದಾರರನ್ನು ಕರೆದೊಯ್ಯಲಿ, ಕಾಯ್ದೆ ಒಂದೇ. ಒಮ್ಮೆ ಮಹಾಕೂಟಕ್ಕೆ ಹೊರಟಾಗ ಮೈದುನ ಅಮರೇಶ ಪಟ್ಟಿಯನ್ನು ಬೆನ್ನ ಹಿಂದೆ ಹಾಯಿಸಿ ಸಿಗಿಸಿ, ಜಾಣನಂತೆ ಕೂತಿದ್ದ. ಬಾದಾಮಿ ದಾಟಿದ ಮೇಲೆ ಅದು ಸುಮಾಳ ಕಣ್ಣಿಗೆ ಬಿತ್ತು. ಗಾಡಿ ನಿಂತಿತು. ಇವನು ಹಟ ಬಿಡಲಿಲ್ಲ, ಅವಳು ಕೀಲಿ ಮುಟ್ಟಲಿಲ್ಲ. ಕಡೆಗೆ ಅಮರೇಶ ಕೆಳಗಿಳಿದು, ಮಹಾಕೂಟಕ್ಕೆ ಬಿಸಿಲಲ್ಲಿ ನಡೆದೇ ಹೋದ. ಬರುವಾಗ ಮಾತ್ರ ಎಲ್ಲರಿಗಿಂತ ಮೊದಲು ಅವನ ಟಕ್ ಕೇಳಿತು.

ಗಂಡ ರಾಜಕುಮಾರನಿಗೆ ಗಾಡಿ ನಡೆಸಲು ಬಾರದು. ಹೆಂಡತಿಯ ಪಕ್ಕದಲ್ಲಿ ಕೂತು, ಎಡಕ್ಕೆ ಬಲಕ್ಕೆ ಎಂದು ಹೇಳುವುದಷ್ಟೇ ಅವನ ಪಾಲಿನ ಚಾಲನೆ. ಆದರೆ ಮಗ್ಗದ ಮುಂದೆ ಅವನೇ ಅರಸ. ಇಳಕಲ್ ಸೀರೆಯ ಒಡಲು ಬೇರೆ, ಸೆರಗು ಬೇರೆ. ಎರಡರ ಹಾಸಿನ ಎಳೆಗಳನ್ನು ಒಂದರೊಳಗೊಂದು ಕುಣಿಕೆ ಹಾಕಿ ಕೂಡಿಸಬೇಕು. ಅದಕ್ಕೆ ಕೊಂಡಿ ಎನ್ನುತ್ತಾರೆ. ರಾಜಕುಮಾರ ಹಾಕಿದ ಕೊಂಡಿ ಬಿಚ್ಚಿದ್ದನ್ನು ಕಂಡವರು ಇಳಕಲ್ಲಿನಲ್ಲಿ ಇಲ್ಲ. ಅಜ್ಜಿಯ ಸೀರೆ ಮೊಮ್ಮಗಳ ಕೌದಿಯಾದರೂ ಅವನ ಕೊಂಡಿ ಹಾಗೇ ಇರುತ್ತಿತ್ತು. ಈ ಮಾತನ್ನು ಬೇರೆಯವರು ಹೇಳುತ್ತಿದ್ದರು, ಅವರು ಮರೆತರೆ ಅವನೇ ಹೇಳುತ್ತಿದ್ದ.

ಅವರ ಒಬ್ಬಳೇ ಮಗಳು ಶ್ರುತಿಯನ್ನು ಬಾಗಲಕೋಟೆಯ ನವನಗರಕ್ಕೆ ಕೊಟ್ಟಿದ್ದರು. ಅವಳೀಗ ಏಳು ತಿಂಗಳ ಬಸಿರಿ. ಕುಬಸ ಮಾಡಿ, ಹೆರಿಗೆಗೆ ತವರಿಗೆ ಕರೆತರಬೇಕು. ಗಂಡಹೆಂಡತಿ ಬೆಳಗ್ಗೆಯೇ ವೋಲ್ವೋದಲ್ಲಿ ಹೋದರು. ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬಿದರು. ಊಟವೂ ಆಯಿತು. ಹೊರಡುವ ಹೊತ್ತಿಗೆ ಬೀಗತಿ ಸಿದ್ದವ್ವ ಒಂದು ಕಬ್ಬಿಣದ ಟ್ರಂಕನ್ನು ಇಬ್ಬರ ಕೈಲಿ ಹೊರಿಸಿಕೊಂಡು ಅಂಗಳಕ್ಕೆ ಬಂದಳು. ಬುತ್ತಿ ತಂದ ಬೀಗರನ್ನು ಬರಿಗೈಯಲ್ಲಿ ಕಳಿಸಿ ರೂಢಿಯಿಲ್ಲ. ಕರ್ಚಿಕಾಯಿ, ಉಂಡಿ, ತೆಂಗಿನಕಾಯಿ, ಮೇಲೊಂದು ಹಿತ್ತಾಳೆ ಕೊಡ, ಹೀಗೆ ಮರುಬುತ್ತಿಯೆಲ್ಲ ಅದರೊಳಗಿತ್ತು.

"ಬೀಗತಿ, ಶ್ರುತಿನ್ನ ಮುಂದ ಕುಂದ್ರಸ್ರಿ," ಎಂದಳು ಸಿದ್ದವ್ವ. "ಹಿಂದ ಕುಂತ್ರ ಎತ್ತಿ ಒಗಿತೈತಿ. ಎರಡು ಜೀವದಾಕಿ. ಮತ್ತ ಆ ಬೆಲ್ಟು ಗಿಲ್ಟು ಹೊಟ್ಟಿಗೆ ಬಿಗಿಬ್ಯಾಡ್ರಿ ಯವ್ವಾ, ಕೂಸಿಗೆ ಉಸಿರು ಕಟ್ಟತೈತಿ."

"ಬೆಲ್ಟ್ ಹೊಟ್ಟಿ ಮ್ಯಾಲ ಬರೂದಿಲ್ರಿ," ಎಂದಳು ಸುಮಾ. ಈ ಪಾಠವನ್ನು ಅವಳು ಡಾಕ್ಟರಮ್ಮನಿಂದ ಬಾಯಿಪಾಠ ಮಾಡಿಕೊಂಡಿದ್ದಳು. "ಕೆಳಗಿಂದು ಹೊಟ್ಟಿ ಕೆಳಗ, ತೊಡಿ ಮ್ಯಾಲ. ಮ್ಯಾಲಿಂದು ಎದಿ ನಡುವ ಹಾದು ಹೊಟ್ಟಿ ಬಾಜೂಕ. ಕೂಸು ನಡುವ ಆರಾಮ ಇರತೈತಿ. ತಡೀರಿ, ತೋರಸ್ತೇನಿ."

ಮುಂದಿನ ಬಾಗಿಲು ತೆರೆದು ಪಟ್ಟಿಯನ್ನು ಎಳೆದಳು. ಎಳೆಯುತ್ತಿದ್ದ ಬೆರಳು ಒಂದು ಕಡೆ ಗಕ್ಕನೆ ನಿಂತಿತು. ಕಣ್ಣಿಗೆ ಏನೂ ಕಾಣದು. ಆದರೆ ಎದೆಯ ಮೇಲೆ ಬರುವ ಜಾಗದಲ್ಲಿ ಪಟ್ಟಿ ಅಕ್ಕಿಕಾಳಿನಷ್ಟು ದಪ್ಪವಾಗಿತ್ತು. ಆ ದಪ್ಪದ ಪರಿಚಯ ಅವಳ ಬೆರಳಿಗೆ ಮದುವೆಯಾದಾಗಿನಿಂದ ಇತ್ತು. ಕತ್ತೆತ್ತಿ ಗಂಡನನ್ನು ನೋಡಿದಳು. ಅವನು ಬೀಗರ ಮನೆಯ ಬೇವಿನಗಿಡವನ್ನು, ಜನ್ಮದಲ್ಲಿ ಬೇವಿನಗಿಡ ಕಾಣದವನಂತೆ ನೋಡುತ್ತಿದ್ದ.

"ಡಿಕ್ಕಿ ತೆಗೀರಿ ಸ್ವಲ್ಪ," ಎಂದು ಅವನನ್ನು ಕಾರಿನ ಹಿಂದಕ್ಕೆ ಕರೆದೊಯ್ದಳು. ತೆರೆದ ಡಿಕ್ಕಿಯ ಮರೆಯಲ್ಲಿ ಸಣ್ಣ ದನಿಯಲ್ಲಿ ಕೇಳಿದಳು. "ಏನು ಮಾಡೀರಿ ಅದಕ್ಕ?"

"ಇಲಿ ಕಡದಿತ್ತು," ಎಂದ. ಕಾರು ನಿಲ್ಲುವುದು ಮಗ್ಗದ ಕೋಣೆಯ ಪಕ್ಕದ ಚಪ್ಪರದಲ್ಲಿ. ನೂಲಿಗೆ ಹಚ್ಚುವ ಗಂಜಿಯ ವಾಸನೆಗೆ ಅಲ್ಲಿ ಇಲಿಗಳ ಕಾಟ. "ಗ್ಯಾರೇಜಿನ ಮುರ್ತುಜಸಾಬನ್ನ ಕೇಳಿದ್ನಿ. ಹೊಸಾ ಬೆಲ್ಟ್ ಬೆಂಗಳೂರಿಂದ ಬರಬೇಕು, ಕುಬಸದೊಳಗ ಬರೂದಿಲ್ಲ ಅಂದಾ. ನಿನಗ ಹೇಳಿದ್ರ ನೀ ಗಾಡಿನ ತಗೀತಿದ್ದಿಲ್ಲ. ಕೆಟ್ಟಷ್ಟು ಕತ್ತರಿಸಿ ಕೊಂಡಿ ಹಾಕೇನಿ. ಬರೂಮುಂದ ನಾನ ಅದನ್ನ ಹಾಕ್ಕೊಂಡು ಕುಂತು ಬಂದೇನಿಲ್ಲೋ? ಕುಂದರ್ಲಿ ಬಿಡು ಶ್ರುತಿ. ಗಟ್ಟಿ ಐತಿ."

"ನಿಮಗ ತಲಿ ಐತೇನ್ರಿ?"

"ನನ್ನ ಕೊಂಡಿ ಬಿಚ್ಚಿದ್ದು ಇವತ್ತಿನತನಕ ಯಾರರ ನೋಡ್ಯಾರೇನು? ಹೇಳು."

ಸುಮಾಳಿಗೆ ಸಿಟ್ಟು ನೆತ್ತಿಗೇರಿತು. ಮನೆಯಾಗಿದ್ದರೆ ಓಣಿಗೆಲ್ಲ ಕೇಳುವಂತೆ ಜಾಡಿಸುತ್ತಿದ್ದಳು. ಆದರೆ ಬೀಗರ ಅಂಗಳ. ಅತ್ತ ಸಿದ್ದವ್ವ ಮುಂದಿನ ಸೀಟಿಗೆ ತಲೆದಿಂಬು ಇಡಿಸುತ್ತಿದ್ದಳು. ಪಟ್ಟಿ ಕೆಟ್ಟಿದೆ ಎಂದರೆ ಕೂಡಿಸಿದವರು ಯಾರೆಂಬ ಮಾತು ಬರುತ್ತದೆ. ಬಸಿರಿ ಮಗಳನ್ನು ಕರೆದೊಯ್ಯುವ ಗಾಡಿಗೆ ತೇಪೆ ಹಾಕಿ ತಂದ ಎಂದು ಗಂಡನ ಮಾನ ನವನಗರದಲ್ಲಿ ಹರಾಜಾಗುತ್ತದೆ. ಸುಮ್ಮನಿದ್ದರೆ ಮಗಳು ಅಲ್ಲಿ ಕೂರುತ್ತಾಳೆ. ಗಂಡನ ಮಾನವನ್ನು ಉಳಿಸಬೇಕು, ಆದರೆ ಆ ಸೀಟಿನಲ್ಲಿ ಮಗಳು ಕೂರಕೂಡದು. ಎರಡರಲ್ಲಿ ಒಂದನ್ನೇ ಆರಿಸುವ ಪ್ರಸಂಗ ಬಂದರೆ ಮಾನ ಹಾಳಾಗಲಿ ಎಂದು ಅವಳು ಆಗಲೇ ತೀರ್ಮಾನಿಸಿದ್ದಳು. ಆ ತೀರ್ಮಾನ ಆದ ಮೇಲೆಯೇ ಅವಳ ತಲೆ ಓಡತೊಡಗಿದ್ದು.

ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. "ಬೀಗತಿ, ಬುತ್ತಿ ಎಲ್ಲಿಡಾಕ ಹತ್ತೀರಿ?"

"ಹಿಂದ ಡಿಕ್ಕಿಯಾಗ."

"ಡಿಕ್ಕಿಯಾಗ? ನನ್ನ ಮಗಳ ಮನಿ ಬುತ್ತಿ ಸ್ಟೆಪ್ನಿ ಟಾಯರ್ ಬಾಜೂಕನ? ಇಳಕಲ್ ಮಂದಿ ಏನಂದಾರು? ನಮ್ಮ ಗಾಡಿಯಾಗ ಮಾನದ ಜಾಗಾ ಅಂದ್ರ ಮುಂದಿನ ಸೀಟ್ ರಿ. ಬುತ್ತಿ ಅಲ್ಲೇ ಕುಂದರಬೇಕು. ಶ್ರುತಿ ಹಿಂದ, ಅವರಪ್ಪನ ಬಾಜೂಕ ಕುಂದರ್ತಾಳ. ನಾ ಎತ್ತಿ ಒಗಿಯೂಹಂಗ ಹೊಡಿಯಾಕಿ ಅಲ್ಲ, ನಿಮಗ ಗೊತ್ತೈತಿ."

ಸಿದ್ದವ್ವನ ಮುಖ ಅರಳಿತು. ಬಸಿರಿಯ ಸೀಟಿನ ವಿಷಯ ಅಲ್ಲಿಗೇ ಮರೆತುಹೋಯಿತು. ಟ್ರಂಕು ಮುಂದಿನ ಸೀಟನ್ನೇರಿತು. ಹಿಂದಿನ ಎರಡೂ ಪಟ್ಟಿಗಳನ್ನು ಸುಮಾ ತುದಿಯಿಂದ ತುದಿಯವರೆಗೆ ಬೆರಳಾಡಿಸಿ ನೋಡಿ, ಶ್ರುತಿಗೆ ತಾನೇ ಕಟ್ಟಿದಳು. ರಾಜಕುಮಾರ ಮಾತ್ರ ಕೂರುವ ಮೊದಲು ಮುಂದಿನ ಬಾಗಿಲಿಗೆ ಹೋಗಿ, ತಾನು ಕೊಂಡಿ ಹಾಕಿದ ಪಟ್ಟಿಯನ್ನು ಟ್ರಂಕಿನ ಹಿಡಿಕೆಯೊಳಗೆ ತೂರಿಸಿ ಬಿಗಿಯಾಗಿ ಸಿಗಿಸಿದ. ಅವನ ಮುಖ ಊದಿಕೊಂಡಿತ್ತು. ಟಕ್ ಎಂದ ಮೇಲೆ ಹೆಂಡತಿಯ ಕಡೆ ಒಮ್ಮೆ ನೋಡಿದ. ಇಳಕಲ್ಲಿನಲ್ಲಿ ಇಳಿಸುವಾಗ ಕೊಂಡಿ ನೋಡಿ ಮಾತಾಡೋಣ ಎಂಬ ನೋಟ ಅದು.

ಅಮೀನಗಡದವರೆಗೆ ಅವನು ಮುಖವನ್ನು ಕಿಟಕಿಗೇ ಹಚ್ಚಿಕೊಂಡು ಕೂತಿದ್ದ. ಶ್ರುತಿ ತವರಿಗೆ ಹೊರಟ ಖುಷಿಯಲ್ಲಿ ಇಬ್ಬರ ಪಾಲಿನ ಮಾತನ್ನೂ ತಾನೇ ಆಡುತ್ತಿದ್ದಳು. ಸಂಜೆಯ ಬಿಸಿಲು ಬೆನ್ನಿಗಿತ್ತು. ಹುನಗುಂದ ಇನ್ನೇನು ಬಂತು ಎನ್ನುವಾಗ, ಮುಂದೆ ಎಡಪಕ್ಕದಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರೊಂದು ಎರಡು ಟ್ರೇಲರ್ ಎಳೆದುಕೊಂಡು ಹೋಗುತ್ತಿತ್ತು. ಸುಮಾ ಹಾರ್ನ್ ಹೊಡೆದು ದಾಟಲು ಬಲಕ್ಕೆ ತೆಗೆದಳು. ಟ್ರ್ಯಾಕ್ಟರಿನವನು ಕೈಯನ್ನೂ ತೋರದೆ, ಹೊಲದ ದಾರಿಗೆಂದು ಸೀದಾ ಬಲಕ್ಕೆ ಹೊರಳಿಬಿಟ್ಟ.

ಸುಮಾ ಬ್ರೇಕಿನ ಮೇಲೆ ನಿಂತಳು. ಟೈರುಗಳು ಚೀರಿದವು. ಗಾಡಿ ಇನ್ನೇನು ನಿಂತಿತು ಎನ್ನುವಷ್ಟರಲ್ಲಿ ಮೂತಿ ಹಿಂದಿನ ಟ್ರೇಲರಿಗೆ ದಡ್ ಎಂದು ತಾಗಿತು. ಏರ್‌ಬ್ಯಾಗು ಬಿಚ್ಚುವಷ್ಟು ಪೆಟ್ಟಲ್ಲ. ಪಟ್ಟಿ ಅವಳ ಎದೆಯನ್ನು ಅವುಚಿ ಹಿಡಿದು ಸೀಟಿಗೆ ತಂದು ಕೂರಿಸಿತು. ಅದೇ ಗಳಿಗೆಗೆ ಪಕ್ಕದಲ್ಲಿ ಸಿಡಿಲು ಬಡಿದಂಥ ಸದ್ದಾಯಿತು.

"ಶ್ರುತಿ!"

"ಏನಾಗಿಲ್ಲವ್ವಾ. ಆರಾಮದೇನಿ," ಎಂದಳು ಮಗಳು. ಎರಡೂ ಕೈ ಹೊಟ್ಟೆಯ ಮೇಲಿದ್ದವು. ಕೆಳಗಿನ ಪಟ್ಟಿ ತೊಡೆಯ ಮೇಲೆ, ಸುಮಾ ಕಟ್ಟಿದಲ್ಲೇ ಇತ್ತು. ಸ್ವಲ್ಪ ಹೊತ್ತಿಗೆ, "ಒದಿಯಾಕ ಹತ್ತೇತಿ ನೋಡು, ಸಿಟ್ಟು ಬಂದೈತಿ ಅದಕ್ಕ," ಎಂದು ಅಳುತ್ತಲೇ ನಕ್ಕಳು.

"ಹುನಗುಂದದಾಗ ದವಾಖಾನಿಗೆ ತೋರಿಸಿಕೊಂಡ ಮುಂದ ಹೋಗೂನು," ಎಂದಳು ಸುಮಾ. ಆಮೇಲಷ್ಟೇ ಎಡಕ್ಕೆ ತಿರುಗಿ ನೋಡಿದಳು.

ಟ್ರಂಕು ಸೀಟಿನ ಮೇಲಿರಲಿಲ್ಲ. ಗಾಜಿಗೆ ಬಡಿದು ಕೆಳಗೆ ತಲೆಕೆಳಗಾಗಿ ಬಿದ್ದಿತ್ತು. ಮುಂದಿನ ಗಾಜಿನ ಎಡಭಾಗ ಜೇಡರಬಲೆಯಂತೆ ಬಿರಿದಿತ್ತು. ಡ್ಯಾಶ್‌ಬೋರ್ಡಿನ ಹಲಗೆ ಒಡೆದು ಒಳಸರಿದಿತ್ತು. ಕರ್ಚಿಕಾಯಿಗಳು ಪುಡಿಯಾಗಿ, ಸೀಟಿನ ಮೇಲೆ ಸಿದ್ದವ್ವ ಇಡಿಸಿದ್ದ ತಲೆದಿಂಬಿನ ಮೇಲೆಲ್ಲ ಚೆಲ್ಲಿದ್ದವು. ಪಟ್ಟಿಯ ಒಂದು ತುಂಡು ಬಾಗಿಲ ಪಕ್ಕದ ಕಂಬದಿಂದ ಜೋತಾಡುತ್ತಿತ್ತು, ಇನ್ನೊಂದು ಟ್ರಂಕಿನ ಹಿಡಿಕೆಯಲ್ಲಿತ್ತು.

ಟ್ರ್ಯಾಕ್ಟರು ಆಗಲೇ ಹೊಲದ ದಾರಿಯಲ್ಲಿ ದೂರ ಹೋಗಿತ್ತು. ರಾಜಕುಮಾರ ಇಳಿದು ಬಂದು, ಮುಂದಿನ ಬಾಗಿಲು ತೆರೆದು ಜೋತ ತುದಿಯನ್ನು ಅಂಗೈಯಲ್ಲಿ ಹಿಡಿದ. ಒಂದು ಎಳೆಯೂ ಹರಿದಿರಲಿಲ್ಲ. ಕುಣಿಕೆಗಳೆಲ್ಲ ಒಂದೊಂದಾಗಿ ಜಾರಿ ಬಿಚ್ಚಿದ್ದವು. ಹತ್ತಿ, ರೇಶಿಮೆಯ ಎಳೆಗೆ ಗಂಜಿ ಹಿಡಿಯುತ್ತದೆ, ಕುಣಿಕೆ ಕಚ್ಚಿಕೊಳ್ಳುತ್ತದೆ. ಈ ನುಣ್ಣನೆಯ ಎಳೆಗೆ ಕಚ್ಚಿಕೊಳ್ಳುವ ಗುಣವೇ ಇರಲಿಲ್ಲ. ಕೊಂಡಿ ಹಾಕುವಾಗಲೇ ಇದು ಅವನ ಬೆರಳಿಗೆ ತಿಳಿಯಬೇಕಿತ್ತು. ತಿಳಿದಿತ್ತೋ ಏನೋ, ಹಮ್ಮು ಕೇಳಗೊಟ್ಟಿರಲಿಲ್ಲ. ಅವನು ಬಿರಿದ ಗಾಜನ್ನು ನೋಡಿದ, ಹಿಂದೆ ಕೂತ ಮಗಳನ್ನು ನೋಡಿದ, ಮತ್ತೆ ಗಾಜನ್ನು ನೋಡಿದ. ರಸ್ತೆಯ ಅಂಚಿನಲ್ಲಿ ಹೋಗಿ ಕೂತ.

ಸುಮಾಳ ನಾಲಿಗೆಯ ತುದಿಯಲ್ಲಿ ನೂರು ಮಾತಿದ್ದವು. ಅವನ ಮುಖ ನೋಡಿದ ಮೇಲೆ ಸಿಟ್ಟು ಇಳಿಯಿತು. ಪಾಪ ಎನಿಸಿತು. ನೀರಿನ ಬಾಟಲಿ ತಂದು ಅವನ ಕೈಗಿಟ್ಟಳು.

ಅಷ್ಟರಲ್ಲಿ ಫೋನು ಬಂತು. ಸಿದ್ದವ್ವ. "ಬೀಗತಿ, ಎಲ್ಲಿಗೆ ಬಂದ್ರಿ? ಬುತ್ತಿ ಚೆಲ್ಲಿಲ್ಲ, ಹೌದಿಲ್ಲೋ?"

ರಸ್ತೆ ಕೆಟ್ಟಿದೆ, ಸ್ವಲ್ಪ ತಡವಾಗುತ್ತದೆ ಎಂಬ ಉತ್ತರವನ್ನು ಸುಮಾ ಸಿದ್ಧ ಮಾಡಿಕೊಂಡಿದ್ದಳು. ಅಂಗಳದಲ್ಲಿ ಉಳಿಸಿದ ಮಾನವನ್ನು ನಡುದಾರಿಯಲ್ಲಿ ಯಾಕೆ ಕಳೆಯಬೇಕು? ಆದರೆ ರಾಜಕುಮಾರ ಕೂತಲ್ಲಿಂದಲೇ ಕೈ ಚಾಚಿದ. ಅವಳು ಒಂದು ಗಳಿಗೆ ತಡೆದು ಫೋನು ಕೊಟ್ಟಳು.

"ಬೀಗತಿ, ನಾನ್ರಿ. ಗಾಡಿಗೆ ಸಣ್ಣ ಪೆಟ್ಟಾಗೇತಿ. ಮೊದಲ ಕೇಳ್ರಿ, ಎಲ್ಲಾರೂ ಆರಾಮದೇವಿ, ಶ್ರುತಿನೂ ಆರಾಮ ಅದಾಳ. ಬುತ್ತಿ ಚೆಲ್ಲೇತ್ರಿ. ಮುಂದಿನ ಸೀಟಿನ ಪಟ್ಟಿ ಇಲಿ ಕಡದಿತ್ತು, ನಾ ಅದಕ್ಕ ಕೊಂಡಿ ಹಾಕಿದ್ನಿ." ಅವನು ಕೈಯಲ್ಲಿದ್ದ ಬಾಟಲಿಯನ್ನು ಕೆಳಗಿಟ್ಟ. "ನನ್ನ ಕೊಂಡಿ ಬಿಚ್ಚಿತ್ರಿ."

 ಸಿದ್ದವ್ವ ಮೆಲ್ಲಗೆ ಕೇಳಿದಳು. "ಮುಂದಿನ ಸೀಟಂದ್ರ... ನಾ ಶ್ರುತಿನ್ನ ಕುಂದ್ರಸ್ರಿ ಅಂದಿದ್ನಲ್ಲಾ, ಅದಾ?"

"ಅದರಿ. ನೀವೂ ಕುಂದ್ರಸ್ರಿ ಅಂದ್ರಿ, ನಾನೂ ಕುಂದ್ರಸು ಅಂದ್ನಿ," ಎಂದ ರಾಜಕುಮಾರ. "ಅಕಿ ಅವ್ವ ಕೇಳಲಿಲ್ರಿ."

ಫೋನು ಮರಳಿಸಿ ಎದ್ದ. ಹಿಂದಿನ ಸೀಟಿಗೆ ಹೋಗಿ ಮಗಳ ಪಕ್ಕ ಕೂತು, ತನ್ನ ಪಟ್ಟಿ ಎಳೆದು ಟಕ್ ಎನಿಸಿದ. ಸುಮಾ ಕೀಲಿಗೆ ಕೈ ಹಾಕಿದಳು.

"ತಡಿ," ಎಂದ ಅವನು. "ಶ್ರುತಿದು ಇನ್ನೊಮ್ಮೆ ನೋಡು. ನಾ ನೋಡೇನಿ, ಆದ್ರೂ ನೀ ನೋಡು."

ಸುಮಾ ತಿರುಗಿ, ಕೈ ಚಾಚಿ, ಮಗಳ ಪಟ್ಟಿಯನ್ನು ಬೆರಳಾಡಿಸಿ ನೋಡಿದಳು. ಆಮೇಲೆ ಗಾಡಿ ಹೊರಟಿತು.