ಬೆಳ್ಳಿಯ ತುಪ್ಪಳದ ಕೆಳಗೆ

ನಾನು ಒಂದು ಹಿಮಕರಡಿ. ಹೆಸರು ಬೆಳ್ಳಿ. ಹಿಮ ನೋಡಿದವಳಲ್ಲ ಎಂದರೆ ನಗುತ್ತೀರಿ, ನಗಿ. ಹುಟ್ಟಿದ್ದು ದೂರದ ದೇಶವೊಂದರ ಮೃಗಾಲಯದಲ್ಲಿ, ಸಿಮೆಂಟಿನ ಗುಹೆಯೊಳಗೆ. ಹೆಗ್ಗಣದಷ್ಟಿದ್ದ ನನ್ನನ್ನು ಅಮ್ಮ ಎದೆಗವಚಿಕೊಂಡು ನೆಕ್ಕುತ್ತಿದ್ದಳು. ಅವಳೂ ಬಿಳುಪು, ನಾನೂ ಬಿಳುಪು. ಅದರ ಕೆಳಗೆ ಏನಿದೆ ಎಂದು ಇಬ್ಬರೂ ಯೋಚಿಸಿದವರಲ್ಲ.

ಎರಡು ವರ್ಷವಾದಾಗ ಸರ್ಕಸ್ಸಿನವರು ಅಮ್ಮನಿಂದ ಅಗಲಿಸಿ ಒಯ್ದರು. ಪೀಪಾಯಿಯ ಮೇಲೆ ನಿಲ್ಲಲು ಕಲಿತೆ. ಚೆನ್ನಾಗಿಯೇ ನಿಲ್ಲುತ್ತಿದ್ದೆ, ಸುಳ್ಳೇಕೆ ಹೇಳಲಿ. ಸರ್ಕಸ್ಸು ಮುಚ್ಚಿದ ಮೇಲೆ ಮೈಸೂರು ಸೀಮೆಯ ಒಂದು ಸಣ್ಣ ಮೃಗಾಲಯಕ್ಕೆ ಬಂದೆ. ಅಲ್ಲಿ ಕೊಳವಿತ್ತು, ದಿನಾ ಮಂಜುಗಡ್ಡೆ ಬರುತ್ತಿತ್ತು, ನನ್ನನ್ನು ನೋಡಿಕೊಳ್ಳಲು ಮರಿಸಿದ್ದಯ್ಯನಿದ್ದ. ಬೆಳ್ಳಿ ಎಂದು ಹೆಸರಿಟ್ಟವನೂ ಅವನೇ. ಇಲ್ಲಿನ ಬಿಸಿಲನ್ನು ನಾನು ಸಹಿಸಿಕೊಂಡದ್ದು ಅವನ ಮುಖ ನೋಡಿಯೇ.

ಒಂದು ಮಳೆಗಾಲ ಕಳೆಯುವಷ್ಟರಲ್ಲಿ ನಾನು ಹಸಿರಾದೆ. ಕತ್ತು, ಬೆನ್ನು, ಕಾಲು, ಎಲ್ಲ ಪಾಚಿ ಕಟ್ಟಿದ ಬಾವಿಕಟ್ಟೆಯ ಬಣ್ಣ. “ಬಿಳಿ ಕರಡಿ ಅಂತ ಟಿಕೆಟ್ ಕೊಟ್ಟು ಇದೇನ್ರೀ, ಗಿಣಿ ತೋರಿಸ್ತೀರಾ?” ಎಂದು ಬಂದವರೆಲ್ಲ ಮರಿಸಿದ್ದಯ್ಯನ ಜೀವ ತಿಂದರು. ಅವನಿಗೆ ತಲೆ ಎತ್ತಿ ಓಡಾಡುವುದೇ ಕಷ್ಟವಾಯಿತು.

ನರಕ ಚತುರ್ದಶಿಯ ಬೆಳಿಗ್ಗೆ ಬಕೆಟ್ಟಿನ ತುಂಬ ಸೀಗೆಪುಡಿ ಕಲಸಿ ತಂದ. “ನಮ್ಮನೇಲಿ ಎಲ್ರಿಗೂ ಎಣ್ಣೆನೀರಾಯ್ತು. ನೀನೊಬ್ಳು ಯಾಕವ್ವ ಹಂಗೇ ಇರ್ಬೇಕು?” ಎಂದವನೇ ಸರಳುಗಳಾಚೆ ನಿಂತು, ಉದ್ದ ಕೋಲಿನ ಬ್ರಷ್ಷಿನಿಂದ ಕೈ ಸೋಲುವವರೆಗೂ ತಿಕ್ಕಿದ. ಕಣ್ಣು ಸ್ವಲ್ಪ ಉರಿಯಿತು, ಮೈಗೆ ಹಿತವಾಗಿತ್ತು. ಹಸಿರು ಮಾತ್ರ ಕದಲಲಿಲ್ಲ.

ಮರುವಾರ ಪಶುವೈದ್ಯೆ ಸುಗುಣಾ ಬಂದು ನನಗೆ ಮತ್ತಿನ ಸೂಜಿ ಚುಚ್ಚಿ, ಹೆಗಲ ಮೇಲೆ ಅಂಗೈಯಗಲ ಕೂದಲು ಬೋಳಿಸಿ, ಪರೀಕ್ಷೆಗೆಂದು ಒಯ್ದರು. ಎಚ್ಚರವಾದಾಗ ಮರಿಸಿದ್ದಯ್ಯ ಸರಳು ಹಿಡಿದು ಆ ಜಾಗವನ್ನೇ ನೋಡುತ್ತಿದ್ದ. ಕತ್ತು ಹೊರಳಿಸಿ ನಾನೂ ನೋಡಿದೆ. ಅಲ್ಲಿ ಚರ್ಮ ಕಾವಲಿಯ ತಳದಷ್ಟು ಕಪ್ಪಗಿತ್ತು!

“ಸುಟ್ಬುಟ್ನಲ್ಲಪ್ಪಾ... ನನ್ ಕೈಯಾರೆ ಸುಟ್ಬುಟ್ನಲ್ಲ!” ಎಂದು ಅವನು ಹಣೆ ಚಚ್ಚಿಕೊಂಡ.

ಸೀಗೆಯೇ ನನ್ನ ಮೈ ಸುಟ್ಟಿತೆಂದು ಅವನು ನಂಬಿಬಿಟ್ಟಿದ್ದ. ಮೂರು ದಿನ ಬುತ್ತಿ ಬಿಚ್ಚಲಿಲ್ಲ. ಮೀನನ್ನು ಒಳಗೆ ತಳ್ಳಿ ಮುಖ ತಿರುಗಿಸಿಕೊಂಡು ಹೋಗುತ್ತಿದ್ದ. ಚರ್ಮದ ಚಿಂತೆ ನನಗೆ ಮರೆತೇಹೋಯಿತು. ಅಮ್ಮನ ನಂತರ ನನಗೆಂದು ಇದ್ದವನು ಅವನೊಬ್ಬನೇ; ಅವನೂ ಬಿಟ್ಟುಹೋದರೆ ಏನು ಮಾಡಲಿ ಎಂದು ಭಯವಾಯಿತು.

ನಾಲ್ಕನೆಯ ದಿನ ಡಾಕ್ಟರು ಬಂದಾಗ ಅವನು ಕೈಮುಗಿದು ನಿಂತ. “ತಪ್ಪಾಯ್ತು ಮೇಡಂ. ಸೀಗೆಪುಡಿ ಹಾಕಿ ಉಜ್ಜಿದ್ದು ನಾನೇ. ಚರ್ಮ ಎಲ್ಲ ಕರಕಲಾಗೋಗದೆ. ಇವಳನ್ನ ನೋಡ್ಕಳಕೆ ಬೇರೆ ಯಾರ್ನಾರ ಹಾಕಿ.”

ಡಾಕ್ಟರು ನಕ್ಕುಬಿಟ್ಟರು. “ಅಯ್ಯೋ ಮರಿಸಿದ್ದಯ್ಯ, ಹಿಮಕರಡಿ ಚರ್ಮ ಇರೋದೇ ಕಪ್ಪು! ಮೂಗು ನೋಡಿಲ್ವಾ? ಮೈಯೆಲ್ಲ ಅದೇ ಬಣ್ಣ.” ಒಂದು ಕೂದಲನ್ನು ಬೆಳಕಿಗೆ ಹಿಡಿದರು. “ಇದೂ ಬಿಳಿ ಅಲ್ಲ. ಗಾಜಿನ ಥರ, ಬಣ್ಣಾನೇ ಇಲ್ಲ. ಬೆಳಕು ಬಿದ್ದು ಬೆಳ್ಳಗೆ ಕಾಣುತ್ತೆ ಅಷ್ಟೆ. ಒಳಗೆ ಟೊಳ್ಳು. ಕೊಳದ ಪಾಚಿ ಆ ಟೊಳ್ಳಿಗೆ ಹೋಗಿ ಬೆಳೆದಿದೆ. ಹೊರಗೆ ತಿಕ್ಕಿದ್ರೆ ಹೇಗೆ ಹೋಗುತ್ತೆ? ಉಪ್ಪುನೀರಿನ ಸ್ನಾನ ಮಾಡಿಸೋಣ.”

“ಉಪ್ಪಿನಕಾಯಿ ಹಾಕ್ದಂಗಾ ಮೇಡಂ?” ಎಂದು ಕೇಳುತ್ತಲೇ ಮರಿಸಿದ್ದಯ್ಯ ಕಣ್ಣೊರೆಸಿಕೊಂಡ. ಆಮೇಲೆ ನನ್ನ ಗೂಡಿನ ಮುಂದೆಯೇ ಕೂತು ಎರಡು ಮುದ್ದೆ ಉಂಡ. ನಾನೂ ಆ ದಿನ ಮೀನಿನ ಮುಳ್ಳನ್ನೂ ಬಿಡಲಿಲ್ಲ.

ಈಗ ನನಗೆ ವಯಸ್ಸಾಗಿದೆ. ಹಸಿರು ಹೋಗಿ, ಬಿಳುಪೂ ಹೋಗಿ, ತುಪ್ಪಳ ಹಳದಿಗೆ ತಿರುಗಿದೆ. ಹಿಂಬದಿಯ ನೆರಳಿನ ಗೂಡಿನಲ್ಲಿ ಮಲಗಿರುತ್ತೇನೆ. ಬೋಳಿಸಿದಲ್ಲಿ ಕೂದಲು ಬೆಳೆದು ಎಷ್ಟೋ ವರ್ಷಗಳಾದವು. ಆದರೂ ಮರಿಸಿದ್ದಯ್ಯ ದಿನಾ ಬೆಳಿಗ್ಗೆ ಕೋಲಿನ ತುದಿಯಿಂದ ನನ್ನ ಹೆಗಲ ತುಪ್ಪಳ ಸರಿಸಿ ಇಣುಕುತ್ತಾನೆ. ಕೂಸು ಹುಟ್ಟಿತೆಂದರೆ ಈ ಊರಿನವರು ಮೊದಲು ಬಣ್ಣ ಕೇಳುತ್ತಾರಂತೆ, ಕಪ್ಪು ಎಂದರೆ ಮೂಗು ಮುರಿಯುತ್ತಾರಂತೆ. ಅವನು ಮಾತ್ರ ಇಣುಕಿ ನೋಡಿ, ಉಸಿರು ಬಿಟ್ಟು, “ಸದ್ಯ, ಕರ್ರಗೇ ಅವ್ಳೆ ನನ್ ಬೆಳ್ಳಿ” ಎಂದು ಮೀನಿನ ಬಕೆಟ್ಟಿಗೆ ಕೈ ಹಾಕುತ್ತಾನೆ.